ಆರ್ಕಿಯೆಕ್ಟಮಿ (ವೃಷಣ ತೆಗೆಯುವ ಶಸ್ತ್ರಚಿಕಿತ್ಸೆ) ಮಾತ್ರ ಮಾಡಿಸಿಕೊಳ್ಳುವುದೋ, ಪೂರ್ಣ ಶಸ್ತ್ರಚಿಕಿತ್ಸೆಯವರೆಗೆ ಕಾಯುವುದೋ?

ತುಂಗೆಯ ಮಗಳು

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯ ಟ್ರಾನ್ಸ್ ಮಹಿಳೆ. ಈಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ವಯಸ್ಸು 29. ಮೂರು ವರ್ಷಗಳಿಂದ ವೈದ್ಯರ ಉಸ್ತುವಾರಿಯಲ್ಲಿಯೇ ಹಾರ್ಮೋನ್ ಚಿಕಿತ್ಸೆ ನಡೆಯುತ್ತಿದೆ. ಹೆಣ್ಣು ಹಾರ್ಮೋನಾದ ಈಸ್ಟ್ರಾಡಯೋಲ್ ಮಾತ್ರೆ, ಅದರ ಜೊತೆಗೆ ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ತಡೆಯಲು ಸ್ಪೈರನೊಲ್ಯಾಕ್ಟೋನ್. ಈಸ್ಟ್ರಾಡಯೋಲ್‌ನಿಂದ ನನಗೆ ಯಾವ ತೊಂದರೆಯೂ ಆಗಿಲ್ಲ, ತೊಂದರೆಯೆಲ್ಲ ಎರಡನೆಯದರದು. ಅದು ಮೂಲತಃ ಮೂತ್ರ ಹೆಚ್ಚಿಸುವ, ರಕ್ತದೊತ್ತಡ ಇಳಿಸುವ ಔಷಧ. ನಮ್ಮ ಕಚೇರಿಯಲ್ಲಿ ಯಾರ ಕಣ್ಣಿಗೂ ಅಳುಕದೆ ನಾನು ಹೋಗಬಹುದಾದ ಶೌಚಾಲಯ ಇರುವುದು ಒಂದೇ, ಅದೂ ಎರಡು ಮಹಡಿ ಮೇಲೆ. ಬೆಳಗಿನಿಂದ ಸಂಜೆಯವರೆಗೆ ಆ ಮೆಟ್ಟಿಲು ಹತ್ತಿಳಿಯುವುದೇ ಇನ್ನೊಂದು ಉದ್ಯೋಗವಾಗಿದೆ. ಅದಕ್ಕೆ ಹೆದರಿ ನೀರು ಕಡಿಮೆ ಮಾಡಿದರೆ ಮೆಟ್ರೋದಲ್ಲಿ ನಿಂತಲ್ಲೇ ತಲೆ ಸುತ್ತುತ್ತದೆ. ಪೊಟ್ಯಾಸಿಯಂ ಏರುವ ಭಯದಿಂದ ಎಳನೀರನ್ನೂ ಬಿಟ್ಟಿದ್ದೇನೆ.

ಸೈಪ್ರೊಟೆರೋನ್ ಎಂಬ ಇನ್ನೊಂದು ತಡೆ ಔಷಧಕ್ಕೆ ಬದಲಾಯಿಸೋಣವೇ ಎಂದು ವೈದ್ಯರು ಕೇಳಿದರು. ಅದನ್ನು ಹೆಚ್ಚು ಪ್ರಮಾಣದಲ್ಲಿ, ದೀರ್ಘಕಾಲ ತೆಗೆದುಕೊಂಡವರಲ್ಲಿ ಮೆದುಳಿನ ಹೊದಿಕೆಯ ಗಡ್ಡೆ ಬರಬಹುದೆಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಸಿದ್ದನ್ನು ಓದಿದ್ದ ನನಗೆ ಮನಸ್ಸು ಬರಲಿಲ್ಲ. ಆಗ ಅವರೇ ಆರ್ಕಿಯೆಕ್ಟಮಿಯ ಮಾತು ತೆಗೆದರು. ವೃಷಣಗಳನ್ನು ತೆಗೆದರೆ ತಡೆ ಔಷಧದ ಅಗತ್ಯವೇ ಇರುವುದಿಲ್ಲ, ಸಣ್ಣ ಶಸ್ತ್ರಚಿಕಿತ್ಸೆ, ಖರ್ಚೂ ಕಡಿಮೆ ಎಂದರು.

ಮುಂದೊಂದು ದಿನ ವಜೈನೊಪ್ಲಾಸ್ಟಿ (ಯೋನಿ ರೂಪಿಸುವ ಶಸ್ತ್ರಚಿಕಿತ್ಸೆ) ಮಾಡಿಸಿಕೊಳ್ಳುವ ಆಸೆ ನನಗಿದೆ, ಆದರೆ ಅದಕ್ಕೆ ಬೇಕಾದ ಹಣವೂ ರಜೆಯೂ ಸದ್ಯಕ್ಕೆ ಇಲ್ಲ. ಈಗ ಇದನ್ನು ಮಾತ್ರ ಮಾಡಿಸಿಕೊಂಡರೆ ಮುಂದಿನದಕ್ಕೆ ಅಡ್ಡಿಯಾಗುತ್ತದೆಯೇ? ಮಾಡಿಸಿಕೊಂಡವರು ಮೊದಲೇ ಏನನ್ನು ತಿಳಿದುಕೊಂಡಿರಬೇಕಿತ್ತು ಎಂದುಕೊಳ್ಳುತ್ತೀರಿ? ಮನೆಯಲ್ಲಿ ಅಮ್ಮನಿಗೆ ಎಲ್ಲವೂ ಗೊತ್ತು, ಅಪ್ಪನಿಗೆ ಗೊತ್ತಿದ್ದೂ ಗೊತ್ತಿಲ್ಲ.

ಬೆಳ್ಳಿಮೋಡ

ಮಾಡಿಸಿಕೊಳ್ಳಿ ಅಕ್ಕ, ಕಾಯುವುದರಲ್ಲಿ ಅರ್ಥವಿಲ್ಲ.

ಸಂಶಯಪಿಶಾಚಿ

ಒಮ್ಮೆ ತೆಗೆದರೆ ಮತ್ತೆ ಜೋಡಿಸಲಾಗದ ಅಂಗದ ಬಗ್ಗೆ ನಾಲ್ಕೇ ಪದಗಳ ಸಲಹೆ! ಸ್ಪೈರನೊಲ್ಯಾಕ್ಟೋನ್ ಒಗ್ಗದಿದ್ದರೆ ಅದರ ಪ್ರಮಾಣ ಇಳಿಸಿ ನೋಡಬಹುದು, ಈಸ್ಟ್ರಾಡಯೋಲ್ ನೀಡುವ ವಿಧಾನವನ್ನು ಬದಲಿಸಿ ನೋಡಬಹುದು. ಈಸ್ಟ್ರಾಡಯೋಲ್ ಸಾಕಷ್ಟು ಮಟ್ಟದಲ್ಲಿದ್ದರೆ ಅದೊಂದೇ ಟೆಸ್ಟೋಸ್ಟೆರಾನನ್ನು ಅದುಮಿಡುವುದು ಅನೇಕರಲ್ಲಿ ಕಂಡುಬಂದಿದೆ. ಶೌಚಾಲಯ ದೂರವಿದೆ ಎಂಬ ಕಾರಣಕ್ಕೆ ಶಸ್ತ್ರಚಿಕಿತ್ಸೆಗೆ ಹೋಗುವ ಬದಲು ಕಂಪನಿಯವರಿಗೆ ಒಂದು ಪತ್ರ ಬರೆಯುವುದು ಮೇಲಲ್ಲವೇ?

ತುಂಗೆಯ ಮಗಳು

ಪತ್ರ ಬರೆದಾಗಿದೆ, ಉತ್ತರವೂ ಬಂದಿದೆ. ಆ ಮೇಲಿನ ಮಹಡಿಯ ಶೌಚಾಲಯವೇ ಆ ಉತ್ತರ. ಪ್ರಮಾಣ ಇಳಿಸಿಯೂ ನೋಡಿದ್ದೇವೆ. ಟೆಸ್ಟೋಸ್ಟೆರಾನ್ ಏರಿತು, ಗಲ್ಲದ ಮೇಲೆ ಲೇಸರ್‌ಗೆ ಸುರಿದ ಹಣವೆಲ್ಲ ವ್ಯರ್ಥವಾಗುತ್ತದೆಯೇನೋ ಎನ್ನುವಂತೆ ಕೂದಲು ಗಡುಸಾಯಿತು. ಈಸ್ಟ್ರಾಡಯೋಲ್ ಒಂದರಿಂದಲೇ ಅದುಮಿಡುವ ಬಗ್ಗೆ ಮಾತ್ರ ಮುಂದಿನ ಭೇಟಿಯಲ್ಲಿ ಖಂಡಿತ ಕೇಳುತ್ತೇನೆ.

ಕತ್ತರಿ ಹಿಡಿದವನು

ನಾನು ಯುರಾಲಜಿ ವೈದ್ಯ. ಇಲ್ಲಿ ಬರೆಯುವುದು ಸಾಮಾನ್ಯ ಮಾಹಿತಿಯೇ ಹೊರತು ನಿಮ್ಮನ್ನು ಪರೀಕ್ಷಿಸಿ ಹೇಳುವ ಮಾತಲ್ಲ.

ಮೊದಲಿಗೆ, ಈ ಶಸ್ತ್ರಚಿಕಿತ್ಸೆ ಯುರಾಲಜಿಗೆ ಹೊಸದೇನೂ ಅಲ್ಲ. ವೃಷಣ ತೆಗೆದರೆ ಪ್ರಾಸ್ಟೇಟ್ ಕ್ಯಾನ್ಸರ್ ಹತೋಟಿಗೆ ಬರುತ್ತದೆಂದು ಚಾರ್ಲ್ಸ್ ಹಗಿನ್ಸ್ ಅವರು 1941ರಲ್ಲಿ ತೋರಿಸಿದರು. ಹಾರ್ಮೋನ್ ಚಿಕಿತ್ಸೆಯ ಆ ಸಂಶೋಧನೆಗೆ 1966ರಲ್ಲಿ ಅವರಿಗೆ ನೊಬೆಲ್ ಬಂತು. ದುಬಾರಿ ಇಂಜೆಕ್ಷನ್ ಕೊಳ್ಳಲಾಗದ ವಯಸ್ಸಾದ ರೋಗಿಗಳಿಗೆ ನಮ್ಮ ಊರುಗಳಲ್ಲಿ ಇಂದಿಗೂ ಇದನ್ನು ಮಾಡುತ್ತೇವೆ. ಆದ್ದರಿಂದ ಕೌಶಲದ ಕೊರತೆ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಕೊರತೆ ಇರುವುದು ಬಹುಮಟ್ಟಿಗೆ ಧೈರ್ಯದ್ದು.

ವೃಷಣ ಚೀಲದ ನಡುಗೆರೆಯಲ್ಲಿ ಒಂದು ಸಣ್ಣ ಗಾಯ ಮಾಡಿ, ಎರಡೂ ವೃಷಣಗಳನ್ನು ಹೊರತಂದು, ರಕ್ತನಾಳಗಳಿರುವ ಹುರಿಯನ್ನು ಭದ್ರವಾಗಿ ಕಟ್ಟಿ ಕತ್ತರಿಸಿ, ಹೊಲಿಗೆ ಹಾಕುತ್ತೇವೆ. ಬೆನ್ನಿಗೆ ಅರಿವಳಿಕೆ ಕೊಟ್ಟೋ ಪೂರ್ತಿ ಪ್ರಜ್ಞೆ ತಪ್ಪಿಸಿಯೋ ಮಾಡಬಹುದು. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ, ಅನೇಕರು ಅದೇ ದಿನ ಅಥವಾ ಮರುದಿನ ಮನೆಗೆ ಹೋಗುತ್ತಾರೆ. ಮುಖ್ಯ ತೊಡಕೆಂದರೆ ಚೀಲದೊಳಗೆ ರಕ್ತ ಕಟ್ಟಿಕೊಳ್ಳುವುದು ಮತ್ತು ಸೋಂಕು. ಬಿಗಿಯಾದ ಒಳ ಉಡುಪು, ಬಟ್ಟೆ ಸುತ್ತಿದ ಐಸ್, ಕೆಲವು ವಾರ ಭಾರ ಎತ್ತದಿರುವುದು, ಇಷ್ಟನ್ನು ಪಾಲಿಸಿದರೆ ಹೆಚ್ಚಿನವರು ಎರಡು ವಾರಗಳಲ್ಲಿ ಕುರ್ಚಿಯ ಮೇಲೆ ಕುಳಿತು ಮಾಡುವ ಕೆಲಸಕ್ಕೆ ಮರಳುತ್ತಾರೆ. ಒಂದು ಕಡೆ ಚೀಲ ದಿಢೀರನೆ ಊದಿ ಬಿಗಿಯಾದರೆ ಬೆಳಗಾಗಲಿ ಎಂದು ಕಾಯಬಾರದು.

ದೇಹದ ಟೆಸ್ಟೋಸ್ಟೆರಾನ್ ಬಹುಪಾಲು ಬರುವುದು ವೃಷಣಗಳಿಂದ, ಅಲ್ಪ ಭಾಗ ಅಡ್ರಿನಲ್ ಗ್ರಂಥಿಗಳಿಂದ. ಹಾಗಾಗಿ ತಡೆ ಔಷಧವನ್ನು ನಿಲ್ಲಿಸಬಹುದು. ಆದರೆ ಈಸ್ಟ್ರಾಡಯೋಲನ್ನು ನಿಲ್ಲಿಸುವಂತಿಲ್ಲ. ಈ ಒಂದು ವಾಕ್ಯವನ್ನು ಬರೆದಿಟ್ಟುಕೊಳ್ಳಿ.

ಗುಲಾಬಿ ಟಾಕೀಸು

ನಾನು ಕೆಲವು ವರ್ಷಗಳ ಹಿಂದೆ ಆರ್ಕಿ ಮಾಡಿಸಿಕೊಂಡವಳು. ವೈದ್ಯರು ಹೇಳಿದ್ದೆಲ್ಲ ಸರಿ, ಅನುಭವಿಸಿದವರು ಹೇಳಬೇಕಾದ್ದು ಬೇರೆ ಇದೆ.

ಬೆನ್ನಿಗೆ ಸೂಜಿ ಹಾಕಿದ ಮೇಲೆ ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ ಎನ್ನುತ್ತಾರೆ. ನೋವು ಗೊತ್ತಾಗುವುದಿಲ್ಲ ನಿಜ, ಆದರೆ ಹುರಿಯನ್ನು ಎಳೆಯುವಾಗ ಹೊಕ್ಕುಳಿನ ಹತ್ತಿರ ಒಳಗಿನಿಂದ ಯಾರೋ ಜಗ್ಗಿದ ಹಾಗಾಗಿ ವಾಕರಿಕೆ ಬಂತು. ಅರಿವಳಿಕೆಯ ವೈದ್ಯೆ ಅದನ್ನು ಮೊದಲೇ ಹೇಳಿದ್ದರಿಂದ ನಾನು ಗಾಬರಿಯಾಗಲಿಲ್ಲ. ಮೊದಲ ಮೂರು ದಿನ ಆಟೋದಲ್ಲಿ ಕೂರುವುದು ಬೇಡವೇ ಬೇಡ. ನಮ್ಮ ಬೀದಿಯ ಉಬ್ಬುಗಳ ಲೆಕ್ಕ ನನಗೆ ಅಂದೇ ಸಿಕ್ಕಿದ್ದು. ದಾಖಲಾತಿಯ ಫಾರ್ಮಿನಲ್ಲಿ ಲಿಂಗದ ಜಾಗದಲ್ಲಿ ಒಂದು, ವಾರ್ಡಿನ ಬೋರ್ಡಿನಲ್ಲಿ ಇನ್ನೊಂದು ಬರೆದು, ಕೊನೆಗೆ ಪುರುಷರ ವಾರ್ಡಿನಲ್ಲಿ ಪರದೆ ಎಳೆದು ಮಲಗಿಸಿದರು. ಯಾವ ವಾರ್ಡು, ಯಾವ ಹೆಸರಿನಲ್ಲಿ ಕೂಗುತ್ತಾರೆ, ಜೊತೆಗೆ ಯಾರನ್ನು ಬಿಡುತ್ತಾರೆ ಎಂಬುದನ್ನು ದಾಖಲಾಗುವ ಮುಂಚೆಯೇ ಮಾತಾಡಿಕೊಳ್ಳಿ.

ಆಮೇಲಿನದು? ಸ್ಪೈರನೊಲ್ಯಾಕ್ಟೋನ್ ನಿಂತ ಮೇಲೆ ರಾತ್ರಿ ಎಚ್ಚರವಾಗದೆ ನಿದ್ದೆ ಮಾಡಿದೆ. ಬಟ್ಟೆ ಒತ್ತಿ ಕಟ್ಟಿಕೊಳ್ಳುವ ಹಿಂಸೆ ಕಡಿಮೆಯಾಯಿತು, ಚರ್ಮ ಉರಿಯುವುದು ನಿಂತಿತು. ಕೆಲವು ತಿಂಗಳು ಮೈಯಲ್ಲಿ ಕಸುವಿಲ್ಲದ ಹಾಗಿತ್ತು. ಈಸ್ಟ್ರಾಡಯೋಲ್ ಪ್ರಮಾಣ ಸರಿಹೊಂದಿಸಿದ ಮೇಲೆ ಅದೂ ಹೋಯಿತು. ಆದರೆ ಕೆಳಗಿನ ಅಂಗದ ಬಗ್ಗೆ ಇದ್ದ ಬೇಸರ ಹೋಗಲಿಲ್ಲ. ಅದು ಇದರಿಂದ ಹೋಗುತ್ತದೆಂದು ಯಾರೂ ನನಗೆ ಮಾತು ಕೊಟ್ಟಿರಲಿಲ್ಲ, ಆದರೂ ನಾನು ಒಳಗೊಳಗೇ ನಂಬಿದ್ದೆ. ಹಾಗೆ ನಂಬಿ ಹೋಗಬೇಡಿ ತಂಗಿ.

ಕೃಷ್ಣೆ ದಂಡೆ

ಮುಂದೆ ವಜೈನೊಪ್ಲಾಸ್ಟಿ ಬೇಕೆನ್ನುವವರು ಚರ್ಮದ ವಿಷಯವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಹೆಚ್ಚಾಗಿ ನಡೆಯುವ ವಿಧಾನದಲ್ಲಿ ಶಿಶ್ನದ ಚರ್ಮವನ್ನು ಒಳಮುಖ ಮಾಡುತ್ತಾರೆ. ಅದು ಸಾಲದೆ ಹೋದರೆ ವೃಷಣ ಚೀಲದ ಚರ್ಮವನ್ನು ಕಸಿ ಮಾಡಿ ಆಳ ಕೂಡಿಸುತ್ತಾರೆ, ಹೊರ ತುಟಿಗಳನ್ನೂ ಅದರಿಂದಲೇ ರೂಪಿಸುತ್ತಾರೆ. ಒಳಗಿನದನ್ನು ತೆಗೆದ ಮೇಲೆ ಖಾಲಿ ಚೀಲ ವರ್ಷಗಳಲ್ಲಿ ಕುಗ್ಗಬಹುದು. ನನ್ನದು ಕುಗ್ಗಿತು. ಎರಡನೆಯ ಶಸ್ತ್ರಚಿಕಿತ್ಸೆಗೆ ಹೋದಾಗ ಸರ್ಜನ್ ಬೆರಳಿನಿಂದ ಹಿಗ್ಗಿಸಿ ನೋಡಿ, ಕರುಳಿನ ತುಂಡು ಬಳಸುವ ವಿಧಾನವೇ ನಿಮಗೆ ಒಳ್ಳೆಯದು ಎಂದರು. ಅದು ಹೊಟ್ಟೆಯೊಳಗಿನ ಶಸ್ತ್ರಚಿಕಿತ್ಸೆ, ಖರ್ಚು ಹೆಚ್ಚು, ತೊಡಕುಗಳು ಬೇರೆ ಬಗೆಯವು. ನಾನು ಇನ್ನೂ ನಿರ್ಧರಿಸಿಲ್ಲ.

ಕತ್ತರಿ ಹಿಡಿದವನು

ಕೃಷ್ಣೆ ದಂಡೆಯವರು ಹೇಳಿದ್ದು ಆಗುವ ಮಾತೇ, ಆದರೆ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಆಗುವುದಿಲ್ಲ. ಈ ಬಗ್ಗೆ ಸರ್ಜನ್‌ಗಳಲ್ಲಿಯೇ ಒಮ್ಮತವಿಲ್ಲ. ಕೆಲವರು ಆರ್ಕಿಯೆಕ್ಟಮಿ ಆದವರಲ್ಲಿ ಯಾವ ಕಷ್ಟವೂ ಇಲ್ಲದೆ ಮುಂದಿನದನ್ನು ಮಾಡುತ್ತಾರೆ, ಇನ್ನು ಕೆಲವರು ಎರಡನ್ನೂ ಒಟ್ಟಿಗೆ ಮಾಡುವುದೇ ವಾಸಿ ಎನ್ನುತ್ತಾರೆ, ಏಕೆಂದರೆ ವಜೈನೊಪ್ಲಾಸ್ಟಿಯಲ್ಲಿ ವೃಷಣಗಳನ್ನು ಹೇಗೂ ತೆಗೆಯುತ್ತಾರೆ. ನಿಮ್ಮ ಆಸೆ ಗಟ್ಟಿಯಾಗಿದ್ದರೆ ಆರ್ಕಿಯೆಕ್ಟಮಿಗೆ ಮುಂಚೆಯೇ ಮುಂದಿನ ಶಸ್ತ್ರಚಿಕಿತ್ಸೆಯ ಸರ್ಜನ್ ಒಬ್ಬರನ್ನು ಕಂಡು ಚರ್ಮ ತೋರಿಸಿ. ಗಾಯ ನಡುಗೆರೆಯಲ್ಲೇ ಇರಲಿ, ಚೀಲದ ಚರ್ಮವನ್ನು ತೆಗೆಯಬಾರದು ಎಂಬುದನ್ನು ಒಪ್ಪಿಗೆ ಪತ್ರದಲ್ಲಿ ಬರೆಸಿ. ‘ನೋಡಲು ಅಂದವಾಗಲಿ’ ಎಂದು ಚೀಲವನ್ನೂ ತೆಗೆದುಬಿಟ್ಟವರನ್ನು ನಾನು ಕಂಡಿದ್ದೇನೆ. ಮುಂದೆ ಏನೂ ಬೇಡವೆನ್ನುವವರಿಗೆ ಅದು ಸರಿ, ಉಳಿದವರಿಗೆ ದೊಡ್ಡ ನಷ್ಟ.

ಸಂಶಯಪಿಶಾಚಿ

ಅಲ್ಲಿಗೆ ನನ್ನ ವಾದವೇ ಗೆದ್ದಂತಾಯಿತು. ಎರಡು ಸಲ ಅರಿವಳಿಕೆ, ಎರಡು ಸಲ ಖರ್ಚು, ಎರಡು ಸಲ ರಜೆ. ಒಂದೇ ಸಲ ಮಾಡಿಸಿಕೊಳ್ಳಲಿ.

ಗುಲಾಬಿ ಟಾಕೀಸು

ಆ ಒಂದು ಸಲಕ್ಕೆ ಹಣ ಕೂಡುವವರೆಗೆ ಅವರು ದಿನವೂ ಎರಡು ಮಹಡಿ ಹತ್ತಲಿ ಎನ್ನುತ್ತೀರಾ? ನನಗೆ ಆರ್ಕಿಗೆ ಹೇಳಿದ್ದು 60 ಸಾವಿರದೊಳಗೆ, ವಜೈನೊಪ್ಲಾಸ್ಟಿಗೆ ಹೇಳಿದ್ದು ಹಲವು ಲಕ್ಷ. ವಜೈನೊಪ್ಲಾಸ್ಟಿಯ ನಂತರ ತಿಂಗಳುಗಟ್ಟಲೆ ದಿನವೂ ಡೈಲೇಷನ್ (ಯೋನಿ ಮುಚ್ಚಿಕೊಳ್ಳದಂತೆ ಹಿಗ್ಗಿಸುವುದು) ಮಾಡಲು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಬೇಕು. ಪಿಜಿಯಲ್ಲಿ ಮೂವರ ಜೊತೆ ಇರುವವರಿಗೆ ಆ ಕೋಣೆ ಎಲ್ಲಿಂದ ಬರಬೇಕು?

ಹೊಸಪೇಟೆ ಹುಡುಗಿ

ಶಸ್ತ್ರಚಿಕಿತ್ಸೆ ಎಂದರೆ ನನಗೆ ಕೇರಳದ ಅನನ್ಯಾ ಕುಮಾರಿ ಅಲೆಕ್ಸ್ ಅವರ ನೆನಪಾಗಿ ಕೈಕಾಲು ತಣ್ಣಗಾಗುತ್ತದೆ. ಆರ್ಕಿ ಮಾಡಿಸಿಕೊಂಡೇ ಅಲ್ಲವೇ ಅವರಿಗೆ ಹಾಗಾದದ್ದು?

ನ್ಯಾಯದ ಕಟ್ಟೆ

ಅಲ್ಲ. ಅನನ್ಯಾ ಅವರಿಗೆ 2020ರಲ್ಲಿ ಆದದ್ದು ವಜೈನೊಪ್ಲಾಸ್ಟಿ. ಅದರ ನಂತರದ ನೋವು, ತೊಡಕುಗಳ ಬಗ್ಗೆ ಬಹಿರಂಗವಾಗಿ ದೂರಿ, 2021ರ ಜುಲೈನಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಅದರ ಭಯವನ್ನು ಇದಕ್ಕೆ ಹೊರಿಸುವುದು ಸರಿಯಲ್ಲ. ಭಯಪಡಬೇಕಾದ್ದು ಬೇರೆ ಇದೆ. 2022ರಲ್ಲಿ ನೆಲ್ಲೂರಿನ ಒಂದು ಲಾಡ್ಜಿನಲ್ಲಿ ಫಾರ್ಮಸಿ ವಿದ್ಯಾರ್ಥಿಗಳು ಇಂಥದ್ದೇ ಶಸ್ತ್ರಚಿಕಿತ್ಸೆಗೆ ಕೈಹಾಕಿ ಒಬ್ಬರ ಜೀವ ಹೋಯಿತು. ಅಗ್ಗದಲ್ಲಿ, ಗುಟ್ಟಾಗಿ, ಪತ್ರಗಳ ಗೋಜಿಲ್ಲದೆ ಎಂದು ಯಾರಾದರೂ ಕರೆದರೆ ಅತ್ತ ಹೋಗಬಾರದು.

ವೈದ್ಯರು ಧೈರ್ಯದ ಕೊರತೆ ಎಂದರಲ್ಲ, ಅದಕ್ಕೊಂದು ಹಿನ್ನೆಲೆಯಿದೆ. ಹಳೆಯ ಭಾರತೀಯ ದಂಡ ಸಂಹಿತೆಯ 320ನೇ ಕಲಮಿನಲ್ಲಿ ತೀವ್ರ ಗಾಯಗಳ ಪಟ್ಟಿಯ ಮೊಟ್ಟಮೊದಲ ಬಾಬ್ತೇ ಪುರುಷತ್ವ ಹರಣ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಲ್ಲಿಯೂ ಅದು ಹಾಗೆಯೇ ಇದೆ. ವಯಸ್ಕ ವ್ಯಕ್ತಿಯ ಒಪ್ಪಿಗೆ ಪಡೆದು ಚಿಕಿತ್ಸೆಯಾಗಿ ಮಾಡಿದ್ದಕ್ಕೆ ಅದು ತಗಲುವುದಿಲ್ಲವಾದರೂ ಅನೇಕ ವೈದ್ಯರ ಮನಸ್ಸಿನಲ್ಲಿ ಆ ಅಂಜಿಕೆ ದಶಕಗಳ ಕಾಲ ಕುಳಿತಿತ್ತು. ಟ್ರಾನ್ಸ್ ವ್ಯಕ್ತಿಗಳ ಹಕ್ಕನ್ನು ಮನ್ನಿಸಿದ ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು, ಆಮೇಲೆ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆ ಕಾಯ್ದೆಯ 15ನೇ ಕಲಂ ಬಂದ ಮೇಲೆ ಆ ಅಂಜಿಕೆಗೆ ಆಧಾರವಿಲ್ಲ. ಲಿಂಗ ದೃಢೀಕರಣ ಶಸ್ತ್ರಚಿಕಿತ್ಸೆ ಒದಗಿಸುವುದು ಸರ್ಕಾರದ ಹೊಣೆ ಎಂದೇ ಆ ಕಲಂ ಹೇಳುತ್ತದೆ. 2022ರಲ್ಲಿ ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಎಂದು ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ವಿಮೆಯ ಒಪ್ಪಂದವೂ ಆಯಿತು. ಘೋಷಣೆ ಮತ್ತು ಆಸ್ಪತ್ರೆಯ ಕೌಂಟರಿನ ನಡುವಿನ ದೂರ ಎಷ್ಟೆಂದು ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ.

ಬೆಳ್ಳಿಮೋಡ

ತಮಿಳುನಾಡಿನಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿಯೇ ಉಚಿತವಾಗಿ ಮಾಡುತ್ತಾರೆ ಎಂದು ಕೇಳಿದ್ದೇನೆ.

ನ್ಯಾಯದ ಕಟ್ಟೆ

ಹೌದು. ಅಲ್ಲಿ 2008ರಲ್ಲಿಯೇ ಟ್ರಾನ್ಸ್ ವ್ಯಕ್ತಿಗಳ ಕಲ್ಯಾಣ ಮಂಡಳಿ ರಚನೆಯಾಯಿತು, ಚೆನ್ನೈನ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಯೂ ಆರಂಭವಾಯಿತು. ನಮ್ಮಲ್ಲಿ 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ಶೇ 1ರಷ್ಟು ಮೀಸಲಾತಿ ತಂದು ದೇಶಕ್ಕೇ ಮೊದಲಿಗರಾದೆವು. ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಮಾತ್ರ ಆ ಮೊದಲಿಗತನ ಕಾಣುವುದಿಲ್ಲ.

ಹಮಾಮಿನ ಅಮ್ಮ

ಮಕ್ಕಳೇ, ಇದನ್ನು ನನ್ನ ಚೇಲಾ ಒಬ್ಬಳು ಓದಿ ಹೇಳಿದಳು. ನನ್ನ ಮಾತನ್ನು ಅವಳೇ ತಿದ್ದಿ ಬರೆಯುತ್ತಿದ್ದಾಳೆ.

ನಮ್ಮ ಕಾಲದಲ್ಲಿ ಆಸ್ಪತ್ರೆಯ ಬಾಗಿಲು ನಮ್ಮಂಥ ಹಿಜ್ರಾಗಳಿಗೆ ತೆರೆದಿರಲಿಲ್ಲ. ನಿರ್ವಾಣ, ಅಂದರೆ ಅಂಗ ತೆಗೆಸಿಕೊಳ್ಳುವ ನಮ್ಮ ವಿಧಿ, ದಾಯಮ್ಮನ ಕೈಯಿಂದಲೇ ಆಗುತ್ತಿತ್ತು. ಬಹುಚರಾ ಮಾತೆಯ ಪಟದ ಮುಂದೆ ನಿಂತು, ಹೆಸರು ಹೇಳುತ್ತಾ, ಅರಿವಳಿಕೆಯೂ ಇಲ್ಲದೆ ಶಿಶ್ನ, ವೃಷಣ ಎರಡನ್ನೂ ಒಟ್ಟಿಗೆ ತೆಗೆಯುತ್ತಿದ್ದರು. ಬದುಕಿದವರು ನಲವತ್ತು ದಿನ ಕೋಣೆಯಲ್ಲಿದ್ದು, ಅರಿಸಿನ ಮೆಹಂದಿಯಾಗಿ, ಹಸಿರು ಸೀರೆ ಉಟ್ಟು ಹೊರಬರುತ್ತಿದ್ದರು. ಆ ದಿನ ಬಂದ ಮರ್ಯಾದೆಯನ್ನು ನಾನು ಯಾವ ಸರ್ಟಿಫಿಕೇಟಿನಲ್ಲಿಯೂ ಕಂಡಿಲ್ಲ, ಅದನ್ನು ಹಗುರವಾಗಿ ಆಡಬೇಡಿ. ಬದುಕದವರ ಬಗ್ಗೆ ಮಾತು ಎತ್ತುತ್ತಿರಲಿಲ್ಲ.

ಆದರೆ ನಾನು ಹೇಳಬೇಕೆಂದಿರುವುದು ಆಮೇಲಿನ ವರ್ಷಗಳ ವಿಷಯ. ನಿರ್ವಾಣವಾದ ಮೇಲೆ ನಮ್ಮಲ್ಲಿ ಯಾರಿಗೂ ಹಾರ್ಮೋನಿನ ಮಾತನ್ನು ಯಾರೂ ಹೇಳಲಿಲ್ಲ. ಅಂಗಡಿಯಿಂದ ಗರ್ಭನಿರೋಧಕ ಮಾತ್ರೆ ತಂದು ಕೆಲವರು ನುಂಗಿದರು, ಕಾಲು ಊದಿಕೊಂಡು ನಿಲ್ಲಿಸಿದರು, ಉಳಿದವರು ಅದನ್ನೂ ನುಂಗಲಿಲ್ಲ. ನನ್ನ ಗುರುವಿನ ಅಕ್ಕ ಒಬ್ಬರು ಹಮಾಮಿನ, ಅಂದರೆ ಸ್ನಾನದ ಮನೆಯ, ಒದ್ದೆ ನೆಲದಲ್ಲಿ ತಂಬಿಗೆ ಹಿಡಿದುಕೊಂಡೇ ಜಾರಿ ಕುಳಿತರು. ಬಿದ್ದರು ಎನ್ನುವಷ್ಟೂ ಬೀಳಲಿಲ್ಲ. ಸೊಂಟದ ಮೂಳೆ ಮುರಿಯಿತು. ಅವರಿಗೆ ಐವತ್ತೂ ತುಂಬಿರಲಿಲ್ಲ. ಮೂಳೆ ಎಂಬತ್ತರ ಮುದುಕಿಯದಿದ್ದ ಹಾಗಿದೆ ಎಂದು ಡಾಕ್ಟರು ಅಂದಾಗ ನಾವು ಶಾಪ ಎಂದುಕೊಂಡೆವು. ಏಕೆಂದು ತಿಳಿದದ್ದು ಬಹಳ ವರ್ಷಗಳ ಮೇಲೆ.

ಕತ್ತರಿ ಹಿಡಿದವನು

ಅಮ್ಮ ಹೇಳಿದ್ದಕ್ಕಿಂತ ಸ್ಪಷ್ಟವಾಗಿ ಇದನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ಮೂಳೆ ಗಟ್ಟಿಯಾಗಿರಲು ಎರಡು ಹಾರ್ಮೋನುಗಳಲ್ಲಿ ಒಂದಾದರೂ ಸಾಕಷ್ಟು ಬೇಕೇ ಬೇಕು. ವೃಷಣ ಇರುವಾಗ ಮಾತ್ರೆ ನಿಲ್ಲಿಸಿದರೆ, ಮನಸ್ಸಿಗೆ ಹಿಂಸೆಯಾದರೂ, ಟೆಸ್ಟೋಸ್ಟೆರಾನ್ ಸಾಮಾನ್ಯವಾಗಿ ಹಿಂದಿರುಗಿ ಮೂಳೆಯನ್ನು ಕಾಯುತ್ತದೆ. ತೆಗೆದ ಮೇಲೆ ಮಾತ್ರೆ ನಿಲ್ಲಿಸಿದರೆ ಕಾಯಲು ಏನೂ ಉಳಿದಿರುವುದಿಲ್ಲ: ಮೈ ಬಿಸಿಯೇರುವುದು, ಬಳಲಿಕೆ, ಕುಗ್ಗಿದ ಮನಸ್ಸು, ಆಮೇಲೆ ಮೂಳೆ ಸವೆತ. ಗರ್ಭನಿರೋಧಕ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದು ಎಥಿನೈಲ್ ಈಸ್ಟ್ರಾಡಯೋಲ್. ರಕ್ತ ಹೆಪ್ಪುಗಟ್ಟಿಸುವ ಅಪಾಯ ಅದರಲ್ಲಿ ಹೆಚ್ಚಿರುವುದರಿಂದ ಈ ಚಿಕಿತ್ಸೆಗೆ ಅದನ್ನು ಬಳಸಬಾರದು. ಕಾಲು ಊದಿದ್ದನ್ನು ಆಗ ಯಾರಾದರೂ ಪರೀಕ್ಷಿಸಬೇಕಿತ್ತು.

ರೈನ್ ನದಿಯ ಕನ್ನಡತಿ

ಸಂಶಯಪಿಶಾಚಿಯವರಿಗೆ ಒಂದು ಮಾತು. ಕತ್ತರಿಗೆ ಹೆದರುವುದಕ್ಕೆ ಇತಿಹಾಸವಿದೆ, ಆದರೆ ಆ ಹೆದರಿಕೆ ಎತ್ತ ಕಡೆಗೆ ಇರಬೇಕು ಎಂಬುದು ಮುಖ್ಯ. ನಾನಿರುವ ಜರ್ಮನಿಯಲ್ಲಿ ದಾಖಲೆಯಲ್ಲಿ ಲಿಂಗ ಬದಲಾಗಬೇಕಾದರೆ ಮಕ್ಕಳಾಗದಂತೆ ಮಾಡಿಸಿಕೊಂಡಿರಬೇಕೆಂಬ ಷರತ್ತು 2011ರಲ್ಲಿ ಸಂವಿಧಾನ ನ್ಯಾಯಾಲಯ ತಡೆಯುವವರೆಗೂ ಇತ್ತು. ಸ್ವೀಡನ್‌ನಲ್ಲಿ ಅದು 2013ರವರೆಗೆ ನಡೆಯಿತು, 2018ರಲ್ಲಿ ಅಲ್ಲಿನ ಸಂಸತ್ತು ಅಂಥವರಿಗೆ ತಲಾ 2,25,000 ಕ್ರೋನರ್ ಪರಿಹಾರಕ್ಕೆ ಕಾನೂನು ಮಾಡಿತು. ಕಾಗದಕ್ಕಾಗಿ ದೇಹ ಕೊಯ್ಯಿಸುವುದು ಅನ್ಯಾಯ. ಬೇಕೆಂದವಳಿಗೆ ಬಾಗಿಲು ಮುಚ್ಚುವುದೂ ಅನ್ಯಾಯವೇ.

ಸಂಶಯಪಿಶಾಚಿ

ನಾನು ಬಾಗಿಲು ಮುಚ್ಚಿ ಎಂದಿಲ್ಲ, ಬಾಗಿಲ ಬಳಿ ಸ್ವಲ್ಪ ನಿಂತು ಯೋಚಿಸಲಿ ಎಂದೆ. ನಮ್ಮಲ್ಲಿಯೂ ‘ಆಪರೇಷನ್ ಆಗಿದೆಯಾ’ ಎಂಬ ಪ್ರಶ್ನೆಗೆ ಉತ್ತರವಾಗಿ ಆಪರೇಷನ್ ಮಾಡಿಸಿಕೊಂಡವರು ಎಷ್ಟು ಜನ? ಮನೆ ಬಾಡಿಗೆ ಕೊಡುವವನಿಂದ ಹಿಡಿದು ಮದುವೆಗೆ ಬರುವವನವರೆಗೆ ಎಲ್ಲರಿಗೂ ಅದೊಂದೇ ಕುತೂಹಲ. ಸವದತ್ತಿ ಯಲ್ಲಮ್ಮನ ಜೋಗತಿಯರಲ್ಲಿ ಕೊಯ್ಯಿಸಿಕೊಳ್ಳುವ ಕಡ್ಡಾಯವೇ ಇಲ್ಲ. ಪದ್ಮಶ್ರೀ ಮಂಜಮ್ಮ ಜೋಗತಿಯವರನ್ನು ನಾಡು ಗೌರವಿಸಿದ್ದು ಅವರ ಕಲೆಗೆ.

ಹಮಾಮಿನ ಅಮ್ಮ

ಜೋಗತಿಯರ ದಾರಿ ಅವರದು, ನಮ್ಮದು ನಮ್ಮದು, ಇವಳದು ಇವಳದು. ನಮ್ಮ ಹಿಜ್ರಾ ಸಮುದಾಯದ ಜಮಾತಿನಲ್ಲಿ ಆರ್ಕಿ ಒಂದನ್ನೇ ನಿರ್ವಾಣವೆಂದು ಒಪ್ಪದ ಗುರುಗಳಿದ್ದಾರೆ, ಒಪ್ಪುವವರೂ ಈಗ ಇದ್ದಾರೆ. ಜಮಾತಿಗೆ ಬರುವ ಯೋಚನೆ ಇಲ್ಲದ ಹುಡುಗಿಗೆ ಆ ಲೆಕ್ಕ ಬೇಡ.

ಒಬ್ಬ ತಾಯಿ

ನನ್ನ ಮಗಳು ಟ್ರಾನ್ಸ್. ಅವಳ ಶಸ್ತ್ರಚಿಕಿತ್ಸೆಗೆ ಮುಂಚೆ ವೈದ್ಯರು ವೀರ್ಯ ಶೇಖರಣೆಯ ಬಗ್ಗೆ ಕೇಳಿದಾಗ ನಾನು ಕೋಣೆಯಿಂದ ಎದ್ದು ಹೊರಗೆ ಬಂದೆ. ಅವಳಿಗೆ ಮುಜುಗರವಾಗಬಾರದೆಂದು ಬಂದೆನೋ, ಮೊಮ್ಮಗುವಿನ ಆಸೆ ಮುಖದಲ್ಲಿ ಕಾಣಬಾರದೆಂದು ಬಂದೆನೋ ಹೇಳಲಾರೆ. ಅವಳು ಬೇಡವೆಂದಳು. ಆದರೆ ಕೇಳಿದ್ದು ಒಳ್ಳೆಯದಾಯಿತು. ಇಲ್ಲಿ ಇದುವರೆಗೆ ಒಬ್ಬರೂ ಆ ಮಾತು ಎತ್ತಲಿಲ್ಲವಲ್ಲ ಎಂದು ಬರೆದೆ.

ಕತ್ತರಿ ಹಿಡಿದವನು

ತಾಯಿಯವರಿಗೆ ಧನ್ಯವಾದ. ಆರ್ಕಿಯೆಕ್ಟಮಿಯಾದ ಮೇಲೆ ಸ್ವಂತ ವೀರ್ಯಾಣುಗಳಿಂದ ಮಗು ಪಡೆಯುವ ದಾರಿ, ಮೊದಲೇ ಶೇಖರಿಸಿಡದಿದ್ದರೆ, ಮುಚ್ಚಿಹೋಗುತ್ತದೆ. ಮೂರು ವರ್ಷ ಹಾರ್ಮೋನ್ ತೆಗೆದುಕೊಂಡವರಲ್ಲಿ ವೀರ್ಯಾಣು ಬಹಳ ಕಡಿಮೆಯಿರಬಹುದು, ಇಲ್ಲದೆಯೂ ಇರಬಹುದು. ಅವು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕಾದ್ದರಿಂದ ಶೇಖರಿಸಬೇಕೆಂದರೆ ಕೆಲವು ತಿಂಗಳು ಹಾರ್ಮೋನ್ ನಿಲ್ಲಿಸಬೇಕಾಗುತ್ತದೆ. ಅದು ಎಷ್ಟು ಕಷ್ಟವೆಂಬುದು ನಿಮಗೇ ಗೊತ್ತು.

ನ್ಯಾಯದ ಕಟ್ಟೆ

ಶೇಖರಿಸಿಟ್ಟದ್ದನ್ನು ಬಳಸುವುದೂ ಸುಲಭವಲ್ಲ. 2021ರ ನೆರವಿನ ಸಂತಾನೋತ್ಪತ್ತಿ ಕಾಯ್ದೆ ಮಾತಾಡುವುದು ವಿವಾಹಿತ ದಂಪತಿ ಮತ್ತು ಒಂಟಿ ಮಹಿಳೆಯ ಬಗ್ಗೆ. ಟ್ರಾನ್ಸ್ ವ್ಯಕ್ತಿಗಳ ಹೆಸರನ್ನೇ ಎತ್ತುವುದಿಲ್ಲ.

ಗುಲಾಬಿ ಟಾಕೀಸು

ಪತ್ರದ ವಿಷಯ ಯಾರೂ ಹೇಳಲಿಲ್ಲ. ನನ್ನ ಸಮಯದಲ್ಲಿ ಎರಡು ಮನೋವೈದ್ಯರ ಪತ್ರ ಕೇಳಿದ್ದರು. ಎರಡನೆಯವರು ನಾನು ಬಾಲ್ಯದಲ್ಲಿ ಯಾವ ಆಟ ಆಡುತ್ತಿದ್ದೆ ಎಂದು ಅರ್ಧ ಗಂಟೆ ವಿಚಾರಿಸಿದರು. ಕುಂಟಬಿಲ್ಲೆ ಎಂದಾಗ ಅವರಿಗೆ ಸಮಾಧಾನವಾದಂತೆ ಕಂಡಿತು.

ಕತ್ತರಿ ಹಿಡಿದವನು

ಅದು ಟ್ರಾನ್ಸ್ ಆರೋಗ್ಯದ ಅಂತರರಾಷ್ಟ್ರೀಯ ಸಂಸ್ಥೆಯಾದ ಡಬ್ಲ್ಯುಪಾತ್‌ನ ಏಳನೆಯ ಆವೃತ್ತಿಯ ಮಾರ್ಗಸೂಚಿ: ಎರಡು ಪತ್ರ, ಹನ್ನೆರಡು ತಿಂಗಳ ಹಾರ್ಮೋನ್. 2022ರ ಎಂಟನೆಯ ಆವೃತ್ತಿಯಲ್ಲಿ ಅರ್ಹ ತಜ್ಞರೊಬ್ಬರ ಒಂದೇ ಪತ್ರ ಮತ್ತು, ಹಾರ್ಮೋನ್ ಬೇಡವೆನ್ನುವವರನ್ನು ಬಿಟ್ಟರೆ, ಕನಿಷ್ಠ ಆರು ತಿಂಗಳ ಚಿಕಿತ್ಸೆ ಸಾಕು. ನಮ್ಮ ಆಸ್ಪತ್ರೆಗಳಲ್ಲಿ ಅನೇಕರು ಇನ್ನೂ ಹಳೆಯದನ್ನೇ ಕೇಳುತ್ತಾರೆ. ಮೊದಲ ಭೇಟಿಯಲ್ಲಿಯೇ ಯಾವ ಪತ್ರಗಳು ಬೇಕೆಂದು ಕೇಳಿ ತಿಳಿದುಕೊಳ್ಳಿ.

ಹೊಸಪೇಟೆ ಹುಡುಗಿ

ಆರ್ಕಿ ಆದರೆ ಆಧಾರ್‌ನಲ್ಲಿ ಮಹಿಳೆ ಎಂದು ಮಾಡಿಸಬಹುದೇ?

ನ್ಯಾಯದ ಕಟ್ಟೆ

2019ರ ಕಾಯ್ದೆ ಬಂದಾಗ ಅದರಲ್ಲಿ ಎರಡು ಹಂತವಿತ್ತು. 6ನೇ ಕಲಮಿನ ಗುರುತಿನ ಪ್ರಮಾಣಪತ್ರಕ್ಕೆ ಶಸ್ತ್ರಚಿಕಿತ್ಸೆ ಬೇಕಿರಲಿಲ್ಲ. ಗಂಡು ಅಥವಾ ಹೆಣ್ಣು ಎಂಬ ಪರಿಷ್ಕೃತ ಪ್ರಮಾಣಪತ್ರ 7ನೇ ಕಲಮಿನದು, ಅದಕ್ಕೆ ಆಸ್ಪತ್ರೆಯ ಪತ್ರ ಬೇಕಿತ್ತು. ಯಾವ ಶಸ್ತ್ರಚಿಕಿತ್ಸೆ ಎಂದು ಆ ಕಲಂ ಬಿಡಿಸಿ ಹೇಳಿರಲಿಲ್ಲ. ಅರ್ಜಿ ಹಾಕುವ ದಿನ ಯಾವ ನಿಯಮ ಚಾಲ್ತಿಯಲ್ಲಿದೆಯೋ ಅದನ್ನೇ ನೋಡಿ, ವಾಟ್ಸ್‌ಆ್ಯಪ್ ಸಂದೇಶವನ್ನಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಲಿಂಗ ದೃಢೀಕರಣ ಚಿಕಿತ್ಸೆಯ ಭಾಗವಾಗಿ’ ಎಂಬ ಮಾತನ್ನು ತಪ್ಪದೆ ಬರೆಸಿಕೊಳ್ಳಿ. ಬರೀ ಆರ್ಕಿಯೆಕ್ಟಮಿ ಎಂದಿದ್ದರೆ ಮುಂದೆ ಗುಮಾಸ್ತರೊಬ್ಬರು ಅದನ್ನು ಕ್ಯಾನ್ಸರ್ ಎಂದುಕೊಳ್ಳಬಹುದು.

ತುಂಗೆಯ ಮಗಳು

ಎಲ್ಲವನ್ನೂ ಓದಿದೆ, ಕೆಲವನ್ನು ಅಮ್ಮನಿಗೂ ಓದಿ ಹೇಳಿದೆ. ಶಸ್ತ್ರಚಿಕಿತ್ಸೆಗಿಂತ ಹಮಾಮಿನ ಅಮ್ಮ ಹೇಳಿದ್ದು ನನ್ನನ್ನು ಹೆಚ್ಚು ಕಾಡುತ್ತಿದೆ. 2020ರ ಲಾಕ್‌ಡೌನ್‌ನಲ್ಲಿ ನನ್ನ ಗೆಳತಿಯೊಬ್ಬಳಿಗೆ ಈಸ್ಟ್ರಾಡಯೋಲ್ ಎಲ್ಲಿಯೂ ಸಿಗದೆ ಆದ ಪಾಡನ್ನು ಕಂಡಿದ್ದೇನೆ. ಕೆಲಸ ಹೋದರೆ, ಊರಿಗೆ ಮರಳಬೇಕಾದರೆ, ಐವತ್ತನೆಯ ವಯಸ್ಸಿನಲ್ಲಿಯೂ ಈ ಮಾತ್ರೆ ನನಗೆ ಸಿಗುತ್ತಿರಬೇಕು. ಮೊದಲು ಅದಕ್ಕೊಂದು ದಾರಿ ಮಾಡಿಕೊಳ್ಳಬೇಕು. ಊರಿನ ಮೆಡಿಕಲ್ ಶಾಪಿನವರ ಬಳಿ ಅಮ್ಮನೇ ವಿಚಾರಿಸುತ್ತೇನೆ ಎಂದಿದ್ದಾರೆ. ಮಗುವಿನ ವಿಷಯದಲ್ಲಿ ನನಗೆ ಆಸೆಯಿಲ್ಲ, ಅಮ್ಮನಿಗೆ ಅದನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಊಟಕ್ಕೆ ಕರೆದರು. ಮುಂದಿನ ತಿಂಗಳು ವಜೈನೊಪ್ಲಾಸ್ಟಿ ಸರ್ಜನ್ ಒಬ್ಬರನ್ನು ಕಂಡು ಚರ್ಮ ತೋರಿಸಿ, ಅವರು ತೊಂದರೆಯಿಲ್ಲವೆಂದರೆ ಆರ್ಕಿಗೆ ದಿನ ಕೇಳುತ್ತೇನೆ. ಈಸ್ಟ್ರಾಡಯೋಲ್ ಒಂದರಿಂದಲೇ ಟೆಸ್ಟೋಸ್ಟೆರಾನ್ ಇಳಿಯುವುದಾದರೆ ಅಷ್ಟರಲ್ಲಿ ಗೊತ್ತಾಗುತ್ತದೆ.

ಇನ್ನೆರಡು ಪ್ರಶ್ನೆಗಳು. ಮೂಳೆಯ ಪರೀಕ್ಷೆ ಈಗಲೇ ಬೇಕೇ? ಕಚೇರಿಯ ರಜೆ ಅರ್ಜಿಯಲ್ಲಿ ಏನೆಂದು ಬರೆಯಲಿ?

ಸಂಶಯಪಿಶಾಚಿ

ಇಷ್ಟು ಯೋಚಿಸಿದವರಿಗೆ ನನ್ನ ತಕರಾರಿಲ್ಲ. ಚರ್ಮದ ವಿಷಯದಲ್ಲಿ ಇನ್ನೊಬ್ಬ ಸರ್ಜನ್ ಅಭಿಪ್ರಾಯವನ್ನೂ ಕೇಳಿ.

ಕತ್ತರಿ ಹಿಡಿದವನು

ಈಸ್ಟ್ರಾಡಯೋಲ್ ಸರಿಯಾದ ಮಟ್ಟದಲ್ಲಿದ್ದು, ನೀವು ಅದನ್ನು ಬಿಡದೆ ತೆಗೆದುಕೊಳ್ಳುತ್ತಿದ್ದರೆ ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಎಲ್ಲರಿಗೂ ತಕ್ಷಣ ಬೇಕಿಲ್ಲ. ಹಿಂದೆ ಮೂಳೆ ಮುರಿದಿದ್ದರೆ, ಧೂಮಪಾನವಿದ್ದರೆ, ಸ್ಟೀರಾಯ್ಡ್ ತೆಗೆದುಕೊಂಡಿದ್ದರೆ ಅಥವಾ ಹಾರ್ಮೋನ್ ತಿಂಗಳುಗಟ್ಟಲೆ ತಪ್ಪಿದ್ದರೆ ಮಾಡಿಸಿ. ವಿಟಮಿನ್ ಡಿ ನೋಡಿಸಿಕೊಳ್ಳಿ. ಶಸ್ತ್ರಚಿಕಿತ್ಸೆಗೆ ಮುಂಚೆ ಈಸ್ಟ್ರಾಡಯೋಲ್ ನಿಲ್ಲಿಸಬೇಕೇ ಎಂಬುದರಲ್ಲಿ ವೈದ್ಯರಲ್ಲಿ ಭಿನ್ನಾಭಿಪ್ರಾಯವಿದೆ. ನೀವಾಗಿಯೇ ನಿಲ್ಲಿಸಬೇಡಿ, ಅರಿವಳಿಕೆ ತಜ್ಞರನ್ನು ಕೇಳಿ. ಇನ್ನೊಂದು, ಪ್ರಾಸ್ಟೇಟ್ ಉಳಿದೇ ಇರುತ್ತದೆ. ಐವತ್ತು ದಾಟಿದ ಮೇಲೆ ನಿಮ್ಮನ್ನು ನೋಡುವ ವೈದ್ಯರಿಗೆ ಅದು ತಿಳಿದಿರಬೇಕು.

ಗುಲಾಬಿ ಟಾಕೀಸು

ರಜೆ ಅರ್ಜಿಯಲ್ಲಿ ‘ಯುರಾಲಜಿ ಶಸ್ತ್ರಚಿಕಿತ್ಸೆ, ಎರಡು ವಾರ ವಿಶ್ರಾಂತಿ’ ಎಂದಷ್ಟೇ ಬರೆಯಿರಿ. ಕಲ್ಲು ತೆಗೆಸಿಕೊಂಡಿರಬೇಕೆಂದು ನನ್ನ ಮ್ಯಾನೇಜರ್ ತಾವೇ ತೀರ್ಮಾನಿಸಿ, ಬಾಳೆದಿಂಡಿನ ರಸ ಕುಡಿಯುವಂತೆ ಸಲಹೆಯನ್ನೂ ಕೊಟ್ಟರು. ಕೆಲಸಕ್ಕೆ ಮರಳುವಾಗ ಫಿಟ್‌ನೆಸ್ ಸರ್ಟಿಫಿಕೇಟ್ ಕೊಟ್ಟರೆ ಸಾಕು, ಡಿಸ್ಚಾರ್ಜ್ ಸಮ್ಮರಿಯನ್ನು ಕೇಳಿದರೂ ಕೊಡಬೇಡಿ. ಕಂಪನಿಯ ವಿಮೆಯಲ್ಲಿ ಕ್ಲೇಮ್ ಮಾಡುವುದಾದರೆ ಮಾತ್ರ ಕಾಗದಗಳು ವಿಮೆಯವರ ಕೈಗೆ ಹೋಗುತ್ತವೆ, ಆದ್ದರಿಂದ ಪಾಲಿಸಿಯಲ್ಲಿ ಇದಕ್ಕೆ ಅವಕಾಶ ಇದೆಯೇ ಎಂದು ಮೊದಲೇ ಓದಿಕೊಳ್ಳಿ. ಆಸ್ಪತ್ರೆಗೆ ಹೋಗುವಾಗ ಸಡಿಲ ನೈಟಿ, ಬಿಗಿ ಒಳ ಉಡುಪು ಎರಡು ಜೊತೆ, ಫೋನಿನ ಚಾರ್ಜರ್ ಇಟ್ಟುಕೊಳ್ಳಿ. ಮನೆಗೆ ಬರುವಾಗ ಕಾರು ಮಾಡಿಸಿ, ಆಟೋ ಬೇಡ.